ಮೋಡಕ್ಕೆ ಉಣಿಸಿದ ಉಪ್ಪು

ಆರ್.ಕೆ.ಪುರಂ, ನವದೆಹಲಿ
೨೩ ನವೆಂಬರ್ ೨೦೨೫, ಭಾನುವಾರ

ಮಾನ್ಯ ಸಭಾಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಗಣ್ಯರೇ, ಮುಂದಿನ ಸಾಲಿನಲ್ಲಿ ಕೂತು ಊಟದ ಕರೆಗಾಗಿ ಕಾಯುತ್ತಿರುವ ಹಿರಿಯರೇ, ಬಂದೂ ಬಾರದಂತಿರುವ ಮೋಡಗಳೇ, ಮತ್ತು ಹಾಸನದಲ್ಲಿ ಅಕ್ಕನ ಮನೆಯ ಅಡುಗೆಕಟ್ಟೆಗೆ ಒರಗಿಕೊಂಡು ಹುಬ್ಬು ಗಂಟಿಕ್ಕಿ ಈ ಕಾಗದ ಓದುತ್ತಿರುವ ನನ್ನ ಏಕೈಕ ಶ್ರೋತೃವೇ,

ಈ ದಿನ ನಾವೆಲ್ಲರೂ ಇಲ್ಲಿ ಸೇರಿರುವುದು ಒಂದು ಗಹನವಾದ ವಿಷಯವನ್ನು ಚರ್ಚಿಸುವುದಕ್ಕಾಗಿ. ಮನುಷ್ಯನಾದವನು ಮಳೆಯನ್ನು ತನ್ನ ಮುಷ್ಟಿಯಲ್ಲಿ ಹಿಡಿಯಬಲ್ಲನೇ? ಹಿಡಿಯಬಲ್ಲನೆಂದೇ ಇಟ್ಟುಕೊಂಡರೂ, ಹಿಡಿಯಬಹುದೇ? ‘ನಾವೆಲ್ಲರೂ’ ಎಂದರೆ ನಾನು, ನಿನ್ನೆಯ ಅನ್ನ, ಮತ್ತು ಮೂಲೆಯಲ್ಲಿ ಕೆಂಪು ದೀಪ ಹೊತ್ತಿಸಿಕೊಂಡು ಗುರುಗುಟ್ಟುತ್ತಿರುವ ಏರ್ ಪ್ಯೂರಿಫೈಯರ್.

ಧಾರಿಣಿ, ನಗು ಬರಲಿಲ್ಲ ತಾನೆ? ಗೊತ್ತು. ಹದಿನೈದು ವರ್ಷ ರಾಜ್ಯೋತ್ಸವದ ನಿರೂಪಣೆ ಮಾಡಿದವನಿಗೆ ಮೈಕಿಲ್ಲದೆಯೂ ಈ ಚಟ ಬಿಡುವುದಿಲ್ಲ.

ನಾನಿಲ್ಲಿ ಕ್ಷೇಮ, ಅಂದರೆ ಆಫೀಸಿಗೆ ಹೋಗಿಬರುವಷ್ಟು ಕ್ಷೇಮ. ನೀವಿಬ್ಬರೂ ಹೇಗಿದ್ದೀರೆಂಬುದನ್ನು ಹಂಸಿನಿಯ ಐದು ನಿಮಿಷದ ಫೋನಿನಿಂದ ತಿಳಿದುಕೊಳ್ಳುತ್ತಿದ್ದೇನೆ. ನೀವು ಹೊರಟು ಇವತ್ತಿಗೆ ಹದಿನಾಲ್ಕು ದಿನ. ಇಷ್ಟು ತಡವಾಗಿ ಬರೆಯುತ್ತಿರುವುದಕ್ಕೆ ಬೈಯಬೇಡ. ಮೊದಲು ಬರೆದ ಕಾಗದದಲ್ಲಿ ಕೋಪ ಜಾಸ್ತಿಯಾಗಿತ್ತು, ಹರಿದೆ. ಎರಡನೆಯದರಲ್ಲಿ ಪ್ರಾಸ ಜಾಸ್ತಿಯಾಗಿತ್ತು, ಅದನ್ನೂ ಹರಿದೆ. ನೀನು ನನ್ನ ಕರೆ ಎತ್ತುತ್ತಿಲ್ಲ, ಕಳಿಸಿದ ಮೆಸೇಜುಗಳು ನೀಲಿಯಾಗುತ್ತಿಲ್ಲ. ಆದ್ದರಿಂದ ಅಂಚೆ ಇಲಾಖೆಗೆ ಶರಣಾಗಿದ್ದೇನೆ. ಸ್ಪೀಡ್ ಪೋಸ್ಟನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲ.

ಮನೆಯ ಸುದ್ದಿ ಹೇಳಿಬಿಡುತ್ತೇನೆ. ನಿನ್ನ ತುಳಸಿ ಬದುಕಿದೆ, ಎಲೆಯ ಮೇಲೆ ಕುಳಿತ ಮಸಿಯನ್ನು ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇನೆ. ಗೀಸರ್ ಸತ್ತಿದೆ. ಕುಕ್ಕರಿನ ರಬ್ಬರ್ ಎಲ್ಲಿಟ್ಟಿದ್ದೀಯೋ ಸಿಗಲಿಲ್ಲ, ಅನ್ನವನ್ನು ಪಾತ್ರೆಯಲ್ಲೇ ಬೇಯಿಸುತ್ತಿದ್ದೇನೆ. ಒಮ್ಮೆ ಗಂಜಿ, ಒಮ್ಮೆ ಅಕ್ಕಿ, ಅನ್ನ ಮಾತ್ರ ಬಾಕಿ.

ಈಗ ವಿಷಯಕ್ಕೆ ಬರುತ್ತೇನೆ. ಮಂಗಳವಾರ ಆಫೀಸಿನಲ್ಲಿ ಊಟದ ಡಬ್ಬಿ ತೆರೆಯುವ ಹೊತ್ತಿಗೆ ಸ್ಕೂಲಿನಿಂದ ಮೆಸೇಜು ಬಂತು. ಹಂಸಿನಿಯ ಟಿ.ಸಿ.ಗೆ ಕೊಟ್ಟ ಅರ್ಜಿ ಸ್ವೀಕೃತವಾಗಿದೆಯಂತೆ. ಯಾರದೋ ಮಗುವಿನದು ತಪ್ಪಿ ನನಗೆ ಬಂದಿರಬೇಕೆಂದು ಫೋನ್ ಮಾಡಿದೆ. “ನಹೀಂ ಸರ್, ಮೇಡಮ್ ನೇ ಹೀ ಅಪ್ಲೈ ಕಿಯಾ ಹೈ,” ಎಂದಳು ಆಫೀಸಿನ ಹುಡುಗಿ. ಮೇಡಮ್ ಎಂದರೆ ನೀನು. ಸಂಕ್ರಾಂತಿಗೆ ವಾಪಸು ಬರುತ್ತೀರೆಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡು ಕೂತಿದ್ದ ನನಗೆ ಒಂದು ಮಾತು ಹೇಳಬೇಕೆಂದು ಅನ್ನಿಸಲಿಲ್ಲವೇ? ನನ್ನ ಮಗಳು ಇನ್ನು ಮುಂದೆ ಯಾವ ಊರಿನಲ್ಲಿ ಉಸಿರಾಡುತ್ತಾಳೆಂಬುದು ನನಗೆ ಮೆಸೇಜಿನಲ್ಲಿ ತಿಳಿಯಬೇಕೇ?

ಈ ಕಾರ್ತಿಕದಲ್ಲಿ ಇಬ್ಬರು ನನಗೆ ಮೋಸ ಮಾಡಿದರು. ಒಬ್ಬ ಗೋಪಿನಾಥ, ಇನ್ನೊಬ್ಬಳು ನೀನು. ಮೋಡವನ್ನು ನಾನು ಈ ಪಟ್ಟಿಗೆ ಸೇರಿಸುವುದಿಲ್ಲ, ಅದು ಯಾರಿಗೂ ಮಾತು ಕೊಟ್ಟಿರಲಿಲ್ಲ.

ಆದದ್ದನ್ನು ಮೊದಲಿನಿಂದ ಬರೆಯುತ್ತೇನೆ. ನಿನಗೆ ಗೊತ್ತಿರುವುದೇ. ಆದರೆ ಕಡತವನ್ನು ಮೇಲಿನವರಿಗೆ ಕಳಿಸುವಾಗ ಹಿಂದಿನದನ್ನೆಲ್ಲ ಸಂಕ್ಷಿಪ್ತವಾಗಿ ಬರೆದು ಕೊನೆಗೆ ‘ಆದೇಶಕ್ಕಾಗಿ’ ಎಂದು ಸಹಿ ಮಾಡುವುದು ನನಗೆ ಇಪ್ಪತ್ತು ವರ್ಷದ ಅಭ್ಯಾಸ. ಈ ಸಲ ಮೇಲಿನವಳು ನೀನು.

ಹಂಸಿನಿಗೆ ಉಬ್ಬಸವೆಂದು ಡಾಕ್ಟರು ಹೇಳಿದ ವರ್ಷದಿಂದ ನಮ್ಮ ಮನೆಯಲ್ಲೊಂದು ಕಟ್ಟಳೆ ಬಂತು. ದೀಪಾವಳಿಯ ದೀಪ ಆರಿದ ಕೂಡಲೇ ನೀವಿಬ್ಬರೂ ಹಾಸನಕ್ಕೆ, ಎಳ್ಳುಬೆಲ್ಲ ಹಂಚಿದ ಮೇಲೆ ವಾಪಸು. ಅದಕ್ಕಾಗಿ ನೀನು ಸ್ಕೂಲಿನ ಲೈಬ್ರರಿ ಕೆಲಸ ಬಿಟ್ಟೆ. ಅರವತ್ತು ದಿನ ಮುಂಚೆ, ಬೆಳಿಗ್ಗೆ ಎಂಟಕ್ಕೆ, ನಾನು ಒಂದು ಫೋನಿನಲ್ಲಿ ನೀನು ಇನ್ನೊಂದರಲ್ಲಿ ಸಂಪರ್ಕ ಕ್ರಾಂತಿ ರೈಲಿಗೆ ಟಿಕೆಟ್ ಬುಕ್ ಮಾಡುವುದು ನಮ್ಮ ಮನೆಯ ವ್ರತ. ಈ ವರ್ಷ ಎರಡೂ ಲೋಯರ್ ಬರ್ತು ಸಿಕ್ಕಿ ನೀನು ದೇವರಿಗೆ ತುಪ್ಪದ ದೀಪ ಹಚ್ಚಿದೆ.

ಅಷ್ಟರಲ್ಲಿ ಪೇಪರಿನಲ್ಲಿ ಬಂತು, ಹೊಗೆ ತೊಳೆಯಲು ದೆಹಲಿಯ ಮೇಲೆ ವಿಮಾನದಿಂದ ಮಳೆ ತರಿಸುತ್ತಾರೆಂದು. ನಮ್ಮ ಗೋಪಿ, ಮುನಿರ್ಕಾದಲ್ಲಿ ನನ್ನ ಜೊತೆ ಒಂದೇ ಕೋಣೆಯಲ್ಲಿ ಒಂದೇ ಕಂಬಳಿ ಹೊದ್ದವನು, ಮೋಡದ ತೇವ ಅಳೆಯುವ ತಂಡದಲ್ಲಿದ್ದಾನೆಂದು ಗೊತ್ತಾಯಿತು. ಅವನೂ ಅವನ ಹೆಂಡತಿ ವೈಜಯಂತಿಯೂ ಗಣೇಶನ ಹಬ್ಬಕ್ಕೆ ಜನಕಪುರಿಯಿಂದ ಬಂದಿದ್ದಾಗ ಹಂಸಿನಿ ಅವನ ಕೊರಳಿಗೇ ಬಿದ್ದಳಲ್ಲ, “ಅಂಕಲ್, ಆಪ್ ಸಚ್ ಮೇ ಮಳೆ ಬನಾತೇ ಹೋ?” ಎಂದು.

“ಮಾಡಲ್ಲ ಪುಟ್ಟಿ. ಹೆಪ್ಪು ಹಾಕ್ತೀವಿ ಅಷ್ಟೆ. ಹಾಲಿದ್ರೆ ಹೆಪ್ಪು ಹಾಕಿದ್ರೆ ಮೊಸರಾಗತ್ತೆ. ಬರೀ ಪಾತ್ರೆಗೆ ಹಾಕಿದ್ರೆ?”

“ಪಾತ್ರೆ ಗಂದಾ ಆಗತ್ತೆ!”

“ಹಾಂ. ಮೋಡದಲ್ಲಿ ನೀರಿರ್ಬೇಕು. ನಾವು ಸ್ವಲ್ಪ ಉಪ್ಪು ಎರಚಿ ಬೇಗ ಇಳಿಸ್ತೀವಿ.”

ಆಮೇಲೆ ಅವಳು ಇನ್ನೊಂದು ಕೇಳಿದಳು. “ಇಲ್ಲಿ ಮಳೆ ಇಳಿಸಿದ್ರೆ ಇಂದಿರಾಪುರಂನಲ್ಲಿ ಕಮ್ಮಿ ಹೋ ಜಾಯೇಗಾ ಕ್ಯಾ? ಅಲ್ಲಿ ನನ್ನ ಫ್ರೆಂಡ್ ಇದಾಳೆ.” ಗೋಪಿ ಬಾಯಿಗೆ ಒಯ್ಯುತ್ತಿದ್ದ ಕಡುಬನ್ನು ತಟ್ಟೆಗೆ ಇಳಿಸಿದ. “ಇದನ್ನ ನಮ್ಮ ಮೀಟಿಂಗಲ್ಲಿ ಇನ್ನೂ ಯಾರೂ ಕೇಳಿಲ್ಲ ಕಣೇ ತಾಯಿ,” ಎಂದ. ನಾವೆಲ್ಲ ನಕ್ಕೆವು.

ಅಕ್ಟೋಬರಿನಲ್ಲಿ ಒಂದು ಸಂಜೆ ಅವನ ಫೋನು ಬಂತು. ನಾನು ಬಾಲ್ಕನಿಯಲ್ಲಿ ಮಾತಾಡಿ ಒಳಗೆ ಬಂದು ನಿನಗೆ ಹೇಳಿದೆ, “ಹಾಲು ಸಿಕ್ಕಿದೆಯಂತೆ. ದೀಪಾವಳಿ ಕಳೆದ ವಾರವೇ ಮಳೆ ಖಂಡಿತ ಅಂತೆ. ಈ ವರ್ಷ ಹೋಗೋದೇ ಬೇಡ ಅಂದ ಗೋಪಿ.”

ನೀನು ಹಿಟ್ಟು ಕಲಸುತ್ತಿದ್ದೆ. ಕೈ ನಿಲ್ಲಿಸಿ ಕೇಳಿದೆ, “ಗೋಪಿಯಣ್ಣ ಹಾಗಂದ್ರಾ? ಅವರ ಬಾಯಲ್ಲೇ?”

“ಮತ್ತೆ ಪಕ್ಕದ ಮನೆಯವರ ಬಾಯಲ್ಲಾ?”

“ಅವರು ಹೇಳಿದ್ರೆ ಸರಿ,” ಎಂದೆ ನೀನು. ಪ್ರತಿ ವರ್ಷ ನೀನು ರಾಖಿ ಕಟ್ಟುವ ಕೈ ಅವನದು. ದೆಹಲಿಯ ಕನ್ನಡಿಗನೊಬ್ಬ ದೀಪಾವಳಿ ಸೀಸನ್ನಿನಲ್ಲಿ ಕನ್‌ಫರ್ಮ್ ಆದ ಎರಡು ಲೋಯರ್ ಬರ್ತುಗಳನ್ನು ಕೈಯಾರೆ ಕ್ಯಾನ್ಸಲ್ ಮಾಡಿದ್ದು ಚರಿತ್ರೆಯಲ್ಲಿ ಅದೇ ಮೊದಲಿರಬೇಕು. ಬಟನ್ ಒತ್ತಿದವಳು ನೀನೇ.

ಆಮೇಲೆ ನಡೆದದ್ದು ನೆನೆದರೆ ಈಗಲೂ ನಗು ಬರುತ್ತದೆ. ಮಳೆ ಇಲಾಖೆಯಲ್ಲಿ ನನ್ನ ಸ್ನೇಹಿತನಿದ್ದಾನೆಂದು ಬ್ಲಾಕಿಗೆಲ್ಲ ಗೊತ್ತಾಗಿ ಮನೆಗೆ ಅರ್ಜಿಗಳು ಬರತೊಡಗಿದವು. ಎದುರುಮನೆಯ ಚಾವ್ಲಾ ಆಂಟಿ, “ಶಂಕರ್‌ಜೀ, ದೋಸ್ತ್ ಕೋ ಬೋಲಿಯೇ, ಶನಿವಾರ ಬೇಡ, ನನ್ನ ಭತೀಜಿಯ ಎಂಗೇಜ್‌ಮೆಂಟ್ ಇದೆ, ಟೆಂಟ್ ಹಾಕಿಸಿದೀವಿ,” ಎಂದರು. ಮರದ ಕೆಳಗಿನ ಇಸ್ತ್ರಿಯವನಿಗೆ ಮಧ್ಯಾಹ್ನದ ಮೇಲೆ ಬೇಕಿತ್ತು. ಮೂರನೇ ಮಹಡಿಯ ಮೇಷ್ಟರಿಗೆ ಮಧ್ಯಾಹ್ನಕ್ಕೆ ಮುಂಚೆ. ತರಕಾರಿ ಭಯ್ಯಾ ಮಾತ್ರ ನಿರಾಳ. “ಬಾಬೂಜಿ, ಬಾರಿಶ್ ಸರ್ಕಾರಿ ಹೈ ತೋ ಲೇಟ್ ಹೀ ಆಯೇಗೀ,” ಎಂದ. ನಾನೂ ಸರ್ಕಾರಿ, ಕೋಪ ಬರಬೇಕಿತ್ತು, ಬರಲಿಲ್ಲ.

ಆದರೆ ಯೋಚಿಸು. ನಮ್ಮ ಬ್ಲಾಕಿನಲ್ಲಿ ಹದಿನಾರು ಮನೆ. ನೀರಿನ ಮೋಟಾರು ಎಷ್ಟು ಗಂಟೆಗೆ ಹಾಕಬೇಕೆಂದು ಹದಿನಾರು ಮನೆಗೆ ಹನ್ನೊಂದು ವರ್ಷದಲ್ಲಿ ಒಮ್ಮತ ಬಂದಿಲ್ಲ. ಮಳೆಯ ಸ್ವಿಚ್ಚು ಯಾರ ಮನೆಯ ಗೋಡೆಗೆ ಹಾಕುತ್ತಾರೆ? ಸದ್ಯ ಅದು ಯಾರ ಕೈಗೂ ಸಿಗದಿರುವುದರಿಂದಲೇ ಅಲ್ಲವೇ ನಾವು ಒಬ್ಬರನ್ನೊಬ್ಬರು ಬೈಯದೆ ಎಲ್ಲರೂ ಸೇರಿ ದೇವರನ್ನು ಬೈಯುತ್ತಿರುವುದು?

ಇನ್ನೊಂದು ನೀನು ನೋಡಿದೆಯೋ ಇಲ್ಲವೋ. ಈ ದೀಪಾವಳಿಗೆ ನಮ್ಮ ಕಾಲೊನಿಯಲ್ಲಿ ಹಿಂದೆಂದೂ ಇಲ್ಲದಷ್ಟು ಪಟಾಕಿ. ನಾನು ಚಾವ್ಲಾ ಅಂಕಲ್ಲಿಗೆ “ಮಗೂಗೆ ಹುಷಾರಿಲ್ಲ, ಸ್ವಲ್ಪ ಕಮ್ಮಿ ಮಾಡಿ” ಎಂದು ಕೈಮುಗಿದೆ. ಅವರು ನನ್ನ ಭುಜ ತಟ್ಟಿ, “ಅರೇ ಚಿಂತಾ ಮತ್ ಕರೋ ಶಂಕರ್‌ಜೀ, ಮುಂದಿನ ವಾರ ನಿಮ್ಮ ದೋಸ್ತು ಮಳೆ ತರ್ತಾರಲ್ಲ, ಸಬ್ ಧುಲ್ ಜಾಯೇಗಾ,” ಎಂದು ಹತ್ತು ಸಾವಿರದ ಸರಕ್ಕೆ ಕಡ್ಡಿ ಗೀರಿದರು. ತೊಳೆಯುವವನು ಬರುತ್ತಾನೆಂದು ಗೊತ್ತಾದರೆ ಎಲ್ಲರೂ ಎಂಜಲು ತಟ್ಟೆ ಅಲ್ಲೇ ಬಿಟ್ಟು ಏಳುತ್ತಾರೆ. ಮಳೆ ತರಿಸಬಹುದೇ ಎಂದು ಕೇಳುವ ವಿದ್ವಾಂಸರು ಇದನ್ನೂ ಸ್ವಲ್ಪ ಬರೆದುಕೊಳ್ಳಲಿ.

ವಿಮಾನ ಬಂದ ದಿನ ಟೆರೇಸಿನ ಮೇಲೆ ಜಾತ್ರೆ. ಹಂಸಿನಿ ಹಳದಿ ರೇನ್‌ಕೋಟು ಹಾಕಿಕೊಂಡು, ಒಂದು ಜೇಬಿನಲ್ಲಿ ಇನ್‌ಹೇಲರ್, ಕೈಯಲ್ಲಿ ಗಾಜಿನ ಲೋಟ. ಲೋಟದೊಳಗೆ ಸ್ಕೇಲು ನಿಲ್ಲಿಸಿದ್ದಳು, ಎಷ್ಟು ಮಿಲಿಮೀಟರ್ ಬಿತ್ತೆಂದು ಗೋಪಿ ಅಂಕಲ್ಲಿಗೆ ವರದಿ ಕೊಡಬೇಕಂತೆ. ವಿಮಾನ ಬಂತು, ಒಂದು ಸುತ್ತು ಹಾಕಿತು, ಇನ್ನೊಂದು ಸುತ್ತು ಹಾಕಿತು, ಹೋಯಿತು. ಜನ ಚಪ್ಪಾಳೆ ತಟ್ಟಿದರು. ಯಾತಕ್ಕೋ ಗೊತ್ತಿಲ್ಲ. ಎಲ್ಲರೂ ಅಂಗೈ ಮೇಲೆ ಮಾಡಿಕೊಂಡು ಅರ್ಧ ಗಂಟೆ ನಿಂತರು, ಆಮೇಲೆ ಒಬ್ಬೊಬ್ಬರಾಗಿ ಇಳಿದುಹೋದರು. ಸಂಜೆ ಆರರವರೆಗೂ ಅವಳೊಬ್ಬಳೇ ನಿಂತಿದ್ದಳು. “ಪಪ್ಪಾ, ಟೈಮ್ ಲಗ್ತಾ ಹೈ, ಬರತ್ತೆ,” ಎಂದಳು. ನೀನು ಹೋಗಿ ಎಳೆದುಕೊಂಡು ಬಂದಾಗ ಲೋಟದಲ್ಲಿದ್ದದ್ದು ಸುಟ್ಟ ಪಟಾಕಿ ಕಾಗದದ ಒಂದು ಚೂರು.

ಆ ವಾರ ನಾನು ಗೋಪಿಯ ಮೇಲೆ ಕೋಪ ತೀರಿಸಿಕೊಂಡ ರೀತಿ ನಿನಗೆ ಇಷ್ಟವಾಗಲಿಲ್ಲವೆಂದು ಗೊತ್ತು. ರಾಜ್ಯೋತ್ಸವದ ವೇದಿಕೆಯ ಮೇಲೆ, ಸನ್ಮಾನಕ್ಕೂ ಭರತನಾಟ್ಯಕ್ಕೂ ನಡುವೆ, ಮೈಕ್ ನನ್ನ ಕೈಯಲ್ಲಿತ್ತು, ಅವನು ಎರಡನೇ ಸಾಲಿನಲ್ಲಿದ್ದ:

ಮೋಡಕೆ ಉಪ್ಪನು ಉಣಿಸಿದ ಗೋಪಿ,
ಮಳೆ ಬರಲಿಲ್ಲ, ಯಾರಪ್ಪ ಪಾಪಿ?
ಉಪ್ಪನು ತಿಂದವ ನೀರ್ ಕುಡಿಬೇಕು,
ಮೋಡಕೂ ಗಾದೆಯ ಕಲಿಸಿಕೊಡಬೇಕು!

ಸಭೆ ಬಿದ್ದು ಬಿದ್ದು ನಕ್ಕಿತು. ‘ಒನ್ಸ್ ಮೋರ್’ ಕೂಗು ಬಂತು, ನಾನು ಇನ್ನೊಮ್ಮೆಯೂ ಹೇಳಿದೆ. ಗೋಪಿಯೂ ನಕ್ಕ. ವೈಜಯಂತಿ ಮಾತ್ರ ಊಟಕ್ಕೆ ನಿಲ್ಲದೆ ಹೊರಟುಹೋದಳು. ಹೋಗುವಾಗ ನನ್ನ ಹತ್ತಿರ ಬಂದು, “ಅಣ್ಣಾ, ಪ್ರಾಸ ಚೆನ್ನಾಗಿತ್ತು,” ಎಂದಳು. ಅಷ್ಟೇ.

ಅದಾದ ನಾಲ್ಕನೇ ದಿನ ಹಂಸಿನಿಗೆ ಉಬ್ಬಸ ಹೆಚ್ಚಾಯಿತು. ಅದನ್ನು ಬರೆಯಲಾರೆ. ಆಟೋದಲ್ಲಿ ನಿನ್ನ ತೊಡೆಯ ಮೇಲೆ ಕೂತು ಅವಳು ಒಂದೊಂದು ಉಸಿರನ್ನೂ ಬಾವಿಯಿಂದ ಸೇದಿದ ಹಾಗೆ ಸೇದುತ್ತಿದ್ದುದು, ತುಟಿಯ ಬಣ್ಣ, ಸಿಗ್ನಲಿನಲ್ಲಿ ನೀನು ಆಟೋದಿಂದ ಅರ್ಧ ಹೊರಗೆ ಬಾಗಿ ಮುಂದಿನ ಕಾರಿನವನಿಗೆ ಕನ್ನಡದಲ್ಲಿ ಬೈದದ್ದು. ಎರಡು ದಿನ ಆಕ್ಸಿಜನ್. ಡಾಕ್ಟರು ನಮ್ಮನ್ನು ಮೇಲಿಂದ ಕೆಳಗೆ ನೋಡಿ, “ಪ್ರತಿ ವರ್ಷ ಕಳಿಸ್ತಿದ್ರಿ, ಈ ವರ್ಷ ಯಾಕೆ ಇಟ್ಕೊಂಡ್ರಿ?” ಎಂದು ಕೇಳಿದರು. ನೀನು ನನ್ನ ಕಡೆ ನೋಡಲಿಲ್ಲ. ಕಾರಿಡಾರಿನಲ್ಲಿ ಎಳನೀರು ಹಿಡಿದುಕೊಂಡು ಬರುತ್ತಿದ್ದ ಗೋಪಿಯ ಕಡೆ ನೋಡಿದೆ.

“ಗೋಪಿಯಣ್ಣಾ, ನೀವು ಹೇಳಿದ್ರಿ ಅಂತ ತಾನೇ ನಾನು ಉಳ್ಕೊಂಡಿದ್ದು? ಇವರ ಮಾತಾಗಿದ್ರೆ ನಾನು ಯಾವತ್ತೋ ಗಾಡಿ ಹತ್ತಿರ್ತಿದ್ದೆ. ನಿಮ್ಮ ಮಗು ಆಗಿದ್ರೆ ಹೀಗೆ ಹೇಳ್ತಿದ್ರಾ?”

ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದ. ಆಮೇಲೆ, “ತಪ್ಪಾಯ್ತಮ್ಮ,” ಎಂದ. ನೋಡಿದೆಯಲ್ಲ, ಎಲ್ಲರೆದುರಿಗೂ ಒಪ್ಪಿಕೊಂಡ. ಎಳನೀರನ್ನು ಬೆಂಚಿನ ಮೇಲಿಟ್ಟು ಹೋದ.

ಮೂರನೆಯ ದಿನ ನೀವು ವಿಮಾನ ಹತ್ತಿದಿರಿ. ಏರ್‌ಪೋರ್ಟಿನ ಗಾಜಿನಾಚೆಯಿಂದ ಹಂಸಿನಿ ಕೈಬೀಸಿದಳು, ನೀನು ಬೀಸಲಿಲ್ಲ.

ಹೋದ ವಾರ ಗೋಪಿ ಬೆಂಗಳೂರಿಗೆ ಮೀಟಿಂಗಿಗೆ ಹೋದವನು ಬಸ್ಸು ಹಿಡಿದು ಹಾಸನಕ್ಕೂ ಬಂದಿದ್ದನಂತೆ. ಹಂಸಿನಿ ಫೋನಿನಲ್ಲಿ ಹೇಳಿದಳು. “ಅಮ್ಮಾ ನೇ ಅಂಕಲ್ ಕೋ ಅಂದರ್ ನಹೀಂ ಬುಲಾಯಾ ಪಪ್ಪಾ. ಅವರು ಗೇಟ್ ಹತ್ರಾನೇ ನಿಂತಿದ್ರು. ನನಗೆ ಕಿತ್ತಳೆ ಕೊಟ್ರು. ಅಮ್ಮ ಅದನ್ನ ಯಾರಿಗೋ ಕೊಟ್ಬಿಟ್ಲು.” ನೀನು ಮಾಡಿದ್ದು ಸರಿಯೇ. ಮಾತು ಕೊಟ್ಟು ತಪ್ಪಿದವನಿಗೆ ಗೇಟೇ ಹೆಚ್ಚು.

ಆದರೆ ಆ ಶಿಕ್ಷೆಯಲ್ಲಿ ನನಗೂ ಯಾಕೆ ಪಾಲು, ಧಾರಿಣಿ? ನಾನೂ ನಿನ್ನ ಹಾಗೆ ನಂಬಿ ಕೆಟ್ಟವನಲ್ಲವೇ? ಟಿ.ಸಿ. ವಾಪಸು ತೆಗೆದುಕೋ. ಜನವರಿಯವರೆಗೆ ಸ್ಕೂಲಿನವರು ಆನ್‌ಲೈನ್ ನಡೆಸುತ್ತಾರೆ, ನಾನು ಹೋಗಿ ಪ್ರಿನ್ಸಿಪಾಲರನ್ನು ಕಂಡು ಬರುತ್ತೇನೆ. ಮುಂದಿನ ವರ್ಷದಿಂದ ಮೊದಲಿನ ಹಾಗೇ ದೀಪಾವಳಿಯ ಮಾರನೇ ದಿನ ನಾನೇ ರೈಲು ಹತ್ತಿಸುತ್ತೇನೆ, ಯಾವ ವಿಜ್ಞಾನಿ ಏನು ಹೇಳಿದರೂ ಸರಿ. ಆದೇಶಕ್ಕಾಗಿ ಕಾಯುತ್ತಿದ್ದೇನೆ.

ಅಕ್ಕ ಭಾವನಿಗೆ ನನ್ನ ನಮಸ್ಕಾರ ತಿಳಿಸು. ಹಂಸಿನಿಗೆ ನೂರು ಆಶೀರ್ವಾದ. ಅವಳ ಎದೆ ಗಾಳಿಪಟದ ಹಾಗೆ ಹಗುರಾಗಿರಲಿ, ಹಾಸನದ ಗಾಳಿಯನ್ನು ಹೊಟ್ಟೆ ತುಂಬ ಕುಡಿಯಲಿ, ಕನ್ನಡ ಓದುವುದನ್ನು ನಿನ್ನಿಂದ ಕಲಿತು ಮುಂದಿನ ಕಾಗದವನ್ನು ಅವಳೇ ಓದಲಿ. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು. ಕೋಪ ಎಷ್ಟಿದ್ದರೂ ಮೊಣಕಾಲಿನ ಮಾತ್ರೆ ತಪ್ಪಿಸಬೇಡ.

ಇಂತಿ,
ನಂಬಿ ಕೆಟ್ಟ,
ಶಂಕರಪ್ಪ

ತಾ.ಕ.: ಕವರಿಗೆ ಅಂಟು ಹಚ್ಚಿದವನು ಮತ್ತೆ ಬಿಚ್ಚಿದ್ದೇನೆ. ನಿನ್ನೆ ಗೋಪಿ ಬಂದಿದ್ದ. ಒಳಗೆ ಬಾ ಎಂದರೂ ಬರಲಿಲ್ಲ. “ಮಗು ಗೇಟಿನವರೆಗೂ ಓಡ್ಕೊಂಡು ಬಂತು ಕಣೋ, ಏದುಸಿರಿಲ್ಲ,” ಎಂದ. ಆಮೇಲೆ, “ಧಾರಿಣಿಗೆ ಹೇಳಿದ್ಯಾ?” ಎಂದ. ಇಲ್ಲ ಎಂದೆ. ತಲೆಯಾಡಿಸಿ ಮೆಟ್ಟಿಲಿಳಿದು ಹೋದ.

ಮಳೆ ಬರುತ್ತದೆಂದು ಗೋಪಿ ಹೇಳಿರಲೇ ಇಲ್ಲ. ಆ ಸಂಜೆ ಫೋನಿನಲ್ಲಿ ಅವನು ಹೇಳಿದ್ದು, “ಆಕಾಶ ಒಣಗಿದೆ, ಸುಮ್ಮನೆ ಒಂದು ಪ್ರಯತ್ನ ಅಷ್ಟೆ. ನಂಬ್ಕೊಂಡು ಕೂರಬೇಡ, ಮಗೂನ ಮೊದಲು ಊರಿಗೆ ಕಳಿಸು.” ಬಾಲ್ಕನಿಯಿಂದ ಒಳಗೆ ಬಂದು ನಾನು ಬೇರೆ ಹೇಳಿದೆ. ಆಸ್ಪತ್ರೆಯಲ್ಲಿ ಅವನು ಬಾಯಿ ಬಿಟ್ಟಿದ್ದರೆ ನೀನು ಅಲ್ಲೇ ನನ್ನನ್ನು ಬಿಡುತ್ತಿದ್ದೆ, ಅದಕ್ಕೇ ಅವನು ತಪ್ಪು ಒಪ್ಪಿಕೊಂಡ.

ಮೂರು ಚಳಿಗಾಲ ಈ ಮನೆಯಲ್ಲಿ ಒಬ್ಬನೇ ಇದ್ದೆ. ನಾಲ್ಕನೆಯದು ನನ್ನಿಂದ ಆಗುತ್ತಿರಲಿಲ್ಲ. ನಾನು ಹೋಗಬೇಡ ಎಂದಿದ್ದರೆ ನೀನು ಹೋಗುತ್ತಿದ್ದೆ, ಅವನ ಹೆಸರು ಹೇಳಿದರೆ ನಿಲ್ಲುತ್ತೀಯೆಂದು ಗೊತ್ತಿತ್ತು. ನೀನು ಟಿಕೆಟ್ ಕ್ಯಾನ್ಸಲ್ ಮಾಡುತ್ತಿದ್ದಾಗ ಒಳಗಿನ ಕೋಣೆಯಲ್ಲಿ ಹಂಸಿನಿ ಕೆಮ್ಮುತ್ತಿದ್ದಳು. ನನಗೆ ಕೇಳಿಸುತ್ತಿತ್ತು.